ಲಿವರ್ ಕೈಕೊಟ್ಟಾಗ ಸ್ಟೀರಾಯ್ಡ್ ಏಕೆ ಕೊಡುವುದಿಲ್ಲ?

ಪ್ರಶ್ನೆ (ಭಾಲ್ಕಿ): ಡಾಕ್ಟರ್ ಸಾಹೇಬರೇ, ನನ್ನ ತಮ್ಮನಿಗೆ 26 ವರ್ಷ. ಹತ್ತು ದಿನದ ಹಿಂದೆ ಕಾಮಣಿ ಆಯಿತು, ಹಳ್ಳಿಯ ಔಷಧ ಕುಡಿಸಿದೆವು. ಈಗ ಬೀದರಿನ ಐಸಿಯುನಲ್ಲಿದ್ದಾನೆ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಐಎನ್‌ಆರ್ 2.8 ಬಂದಿದೆ. ಹಗಲೆಲ್ಲ ಮಲಗಿ ರಾತ್ರಿ ಎದ್ದು ಕೂರುತ್ತಾನೆ. ಇಂದು ಬೆಳಿಗ್ಗೆ ತನ್ನ ವೈನಿಯನ್ನೇ ನೋಡಿ ‘ನೀವು ಯಾರು’ ಎಂದ. ನಮ್ಮ ಓಣಿಯ ಒಬ್ಬ ಹೆಣ್ಣುಮಗಳು ಇಂಥದೇ ಲಿವರ್ ರೋಗಕ್ಕೆ ಸ್ಟೀರಾಯ್ಡ್ ಗುಳಿಗೆ ತೆಗೆದುಕೊಂಡು ಗುಣವಾದರು. ಇಲ್ಲಿ ಕೇಳಿದರೆ ಬೇಡ ಎನ್ನುತ್ತಾರೆ. ಅಷ್ಟು ಅಗ್ಗದ ಗುಳಿಗೆಗೆ ಹಿಂದೇಟು ಏಕೆ?

ಉತ್ತರ (ವೈದ್ಯರು): ಅಣ್ಣಾವರೇ, ವೈನಿಯ ಗುರುತು ಸಿಗಲಿಲ್ಲ ಎಂಬುದು ಸ್ಟೀರಾಯ್ಡ್‌ಗಿಂತ ದೊಡ್ಡ ಸುದ್ದಿ. ಮೊದಲು ಲಿವರ್ ರೋಗವಿಲ್ಲದವರಿಗೆ ಕಾಮಣಿಯಾಗಿ, ಐಎನ್‌ಆರ್ 1.5 ಮುಟ್ಟಿ ಅಥವಾ ದಾಟಿ, ಬುದ್ಧಿಯೂ ಮಸುಕಾದರೆ ಅದು ತೀವ್ರ ಲಿವರ್ ವೈಫಲ್ಯ. ಲಿವರ್ ಕಸಿ ಮಾಡುವ ಕೇಂದ್ರಕ್ಕೆ ಫೋನ್ ಹೋಗಿದೆಯೇ ಎಂದು ಈಗಲೇ ಕೇಳಿ. ಹೈದರಾಬಾದ್ ನಿಮಗೆ ಸುಮಾರು 140 ಕಿ.ಮೀ.; ಬೆಂಗಳೂರಿನ ಹೆಸರು ಹಿಡಿದು ಕೂರಬೇಡಿ. ಪ್ರಜ್ಞೆ ಪೂರ್ತಿ ತಪ್ಪಿದ ಮೇಲೆ ಸಾಗಿಸುವುದು ಬಲು ಕಷ್ಟ.

ಇನ್ನು ಸ್ಟೀರಾಯ್ಡ್. ಅದು ದೇಹದ ರಕ್ಷಣಾ ಶಕ್ತಿಯನ್ನು ತಗ್ಗಿಸುತ್ತದೆ. ಆ ಶಕ್ತಿಯೇ ಲಿವರ್ ಮೇಲೆ ತಿರುಗಿಬಿದ್ದಿದ್ದರೆ ಅದು ಒಳ್ಳೆಯ ಮದ್ದು; ಆ ರೋಗಕ್ಕೆ ಆಟೋಇಮ್ಯೂನ್ ಹೆಪಟೈಟಿಸ್ ಎನ್ನುತ್ತೇವೆ. ನಿಮ್ಮ ಓಣಿಯವರದು ಬಹುಶಃ ಅದೇ. ಅದರಲ್ಲೂ ಬುದ್ಧಿ ಮಸುಕಾಗುವ ಮೊದಲೇ ಶುರು ಮಾಡಿದರೆ ಆಸೆ ಹೆಚ್ಚು. ವೈರಸ್, ಇಲಿ ಪಾಷಾಣ, ಕ್ಷಯದ ಗುಳಿಗೆಗಳಿಂದ ಲಿವರ್ ಕೆಟ್ಟಾಗ ಲೆಕ್ಕವೇ ಬೇರೆ.

ಒಂದು ಕಾಲಕ್ಕೆ ವೈದ್ಯರೂ ನಿಮ್ಮಂತೆಯೇ ಯೋಚಿಸಿದ್ದರು. 1979ರಲ್ಲಿ ಯುರೋಪಿನ ಹಲವು ಆಸ್ಪತ್ರೆಗಳ ಪ್ರಯೋಗ ಪ್ರಕಟವಾಯಿತು, ಲಾಭ ಕಾಣಲಿಲ್ಲ. 2014ರಲ್ಲಿ ಅಮೆರಿಕದ ತಂಡವೊಂದು ಆಟೋಇಮ್ಯೂನ್, ಔಷಧಜನ್ಯ ಮತ್ತು ಕಾರಣ ತಿಳಿಯದ ತೀವ್ರ ಲಿವರ್ ವೈಫಲ್ಯದ 361 ರೋಗಿಗಳ ದಾಖಲೆ ತೆಗೆದು ನೋಡಿತು. ಒಟ್ಟಾರೆ ಬದುಕುಳಿಯುವ ಸಾಧ್ಯತೆ ಹೆಚ್ಚಲಿಲ್ಲ. ತೀರ ಕೆಟ್ಟ ಸ್ಥಿತಿಯಲ್ಲಿದ್ದವರಲ್ಲಿ ಸ್ಟೀರಾಯ್ಡ್ ಪಡೆದವರು ಉಳಿದದ್ದು ಕಡಿಮೆ. ಹಳೆಯ ಕಡತ ತಿರುವಿದ ಅಧ್ಯಯನ, ಅದನ್ನೇ ಶಾಸನ ಎನ್ನಲಾರೆ. ಆದರೂ ಸೋಂಕಿನ ಭಯ ನಿಜ. ಇಂಥ ರೋಗಿಯ ರಕ್ತಕ್ಕೆ ಬ್ಯಾಕ್ಟೀರಿಯಾ, ಶಿಲೀಂಧ್ರ ಹೊಕ್ಕರೆ ಕಸಿಯ ಬಾಗಿಲೂ ಮುಚ್ಚಬಹುದು. ಹೆಪಟೈಟಿಸ್ ಬಿ ಅಡಗಿದ್ದರೆ ಅದನ್ನೂ ಎಬ್ಬಿಸಬಹುದು.

ಪ್ರಶ್ನೆ (ಹುಮನಾಬಾದ್): ನಮ್ಮ ಮಾವನವರಿಗೆ ಕುಡಿತದಿಂದ ಲಿವರ್ ಕೆಟ್ಟಾಗ 28 ದಿನ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಕೊಟ್ಟರಲ್ಲ?

ಉತ್ತರ: ಅದು ಮದ್ಯದ ಹೆಪಟೈಟಿಸ್, ಬೇರೆ ರೋಗ. ಅಲ್ಲಿಯೂ ರೋಗದ ತೀವ್ರತೆ ಅಳೆಯುವ ಮ್ಯಾಡ್ರಿ ಅಂಕ 32 ಮುಟ್ಟಿದವರಲ್ಲಿ ಸೋಂಕು, ರಕ್ತಸ್ರಾವ ಇಲ್ಲವೆಂದು ನೋಡಿಕೊಂಡು ದಿನಕ್ಕೆ 40 ಮಿ.ಗ್ರಾಂ ಶುರು ಮಾಡುತ್ತಾರೆ. ಏಳನೆಯ ದಿನಕ್ಕೆ ಗುಣ ಕಾಣದಿದ್ದರೆ ನಿಲ್ಲಿಸುತ್ತಾರೆ.

ಪ್ರಶ್ನೆ (ಔರಾದ್): ಲಿವರ್ ರೋಗಿಯೊಬ್ಬರ ಐಸಿಯು ಚೀಟಿಯಲ್ಲಿ ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ನೋಡಿದ್ದೇನೆ.

ಉತ್ತರ: ಔಷಧಿಗೂ ಬಗ್ಗದೆ ಬಿಪಿ ಕುಸಿದಾಗ ಕೊಡುವುದದು. ಗುರಿ ಬಿಪಿ, ಲಿವರ್ ಅಲ್ಲ.

ಪ್ರಶ್ನೆ (ಭಾಲ್ಕಿ): ಈಗ ರಿಪೋರ್ಟ್ ಬಂತು. ಹೆಪಟೈಟಿಸ್ ಇ ಪಾಸಿಟಿವ್. ತಮ್ಮ ಹಾಸಿಗೆಯಲ್ಲಿ ಒದ್ದಾಡುತ್ತಿದ್ದಾನೆ. ನಿದ್ದೆಯ ಇಂಜೆಕ್ಷನ್ ಕೇಳಲೇ?

ಉತ್ತರ: ಬೇಡವೇ ಬೇಡ. ನಿದ್ದೆ ಬರಿಸಿದರೆ ಮಂಕು ರೋಗದ್ದೋ ಮದ್ದಿನದೋ ತಿಳಿಯದಾಗುತ್ತದೆ. ಒದ್ದಾಟ ಶುರುವಾದದ್ದನ್ನು ಮಾತ್ರ ಈಗಲೇ ವೈದ್ಯರಿಗೆ ತಿಳಿಸಿ. ಉಸಿರಾಟಕ್ಕಾಗಿ ನಳಿಕೆ ಹಾಕಬೇಕೆ, ಆಗ ಯಾವ ಮದ್ದು ಎಂಬುದು ಅವರ ತೀರ್ಮಾನ. ರಿಪೋರ್ಟ್ ಇ ವೈರಸ್ ಎಂದ ಮೇಲೆ ಸ್ಟೀರಾಯ್ಡ್ ಮಾತು ಬಿಡಿ. ರಕ್ತದ ಸಕ್ಕರೆಯನ್ನು ಪದೇ ಪದೇ ನೋಡುತ್ತಿದ್ದಾರೆಯೇ ಕೇಳಿ, ಇಂಥ ಲಿವರ್ ಸಕ್ಕರೆ ಕಾಯ್ದಿಡಲಾರದು, ರಾತ್ರೋರಾತ್ರಿ ಕುಸಿಯುತ್ತದೆ. ಪ್ಯಾರಸಿಟಮಾಲ್ ಹೆಚ್ಚಾಗಿ ಲಿವರ್ ಕೆಟ್ಟಾಗ ಕೊಡುವ ಎನ್-ಅಸಿಟೈಲ್‌ಸಿಸ್ಟೀನ್ ಡ್ರಿಪ್ ಬಗ್ಗೆಯೂ ವಿಚಾರಿಸಿ. ಮಂಕು ಹೆಚ್ಚುವ ಮೊದಲು ಕೊಟ್ಟರೆ ಪ್ಯಾರಸಿಟಮಾಲ್ ಕಾರಣವಲ್ಲದವರಿಗೂ ನೆರವಾಗುತ್ತದೆ ಎಂದು 2009ರ ಪ್ರಯೋಗ ತೋರಿಸಿದೆ. ಹಳ್ಳಿಯ ಔಷಧದ ಉಳಿಕೆ ಇದ್ದರೆ ಪೊಟ್ಟಣ ಸಮೇತ ವೈದ್ಯರಿಗೆ ಕೊಡಿ, ಮುಚ್ಚಿಡಬೇಡಿ. ಆಂಬುಲೆನ್ಸ್ ಹೊರಟರೆ ರಕ್ತದ ಗುಂಪು ಹೊಂದುವ ಹತ್ತಿರದ ಸಂಬಂಧಿಯೊಬ್ಬರು ಆಧಾರ್ ಕಾರ್ಡ್ ಹಿಡಿದು ಜತೆಗೇ ಹೋಗಲಿ. ಜೀವಂತ ದಾನಿಯ ಅಗತ್ಯ ಬಿದ್ದರೆ ತಪಾಸಣೆ ಅಂದೇ ಶುರುವಾಗಬಹುದು.