ಸಹಾಯ ಬೇಕು: ನಂಬದೆ ಈಸ್ಟರ್ ಪಾಠ ಹೇಗೆ ಹೇಳಲಿ?

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಕಡೆಯವಳು, ಪ್ರೊಟೆಸ್ಟೆಂಟ್ ಸಭೆ. ಈ ಸಲ ಸಂಡೇ ಸ್ಕೂಲಿನ ಈಸ್ಟರ್ ಪಾಠ ನನ್ನ ಪಾಲಿಗೆ ಬಂದಿದೆ. ತೊಂದರೆ ಏನಂದರೆ, ಯೇಸು ಸತ್ತು ಎದ್ದು ಬಂದ ಅನ್ನೋದನ್ನ ನನಗೇ ನಂಬೋಕಾಗ್ತಿಲ್ಲ.

ಶುಭ ಶುಕ್ರವಾರ ನನಗೆ ಕಷ್ಟವಲ್ಲ. ಹೊಡೆತ, ಅವಮಾನ, ಸಾವು ಎಲ್ಲ ಕಡೆ ಕಾಣೋದೇ. ಎದ್ದು ಬಂದ ಭಾನುವಾರದ್ದೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಹೋದ ವರ್ಷ ಅಪ್ಪನನ್ನು ಮಣ್ಣು ಮಾಡಿದ ಮೇಲೆ ಇನ್ನೂ ಜಾಸ್ತಿ.

ಪಾಠಕ್ಕೆಂದು ಬೈಬಲಿನಲ್ಲಿ ಯೇಸುವಿನ ಕಥೆ ಹೇಳೋ ನಾಲ್ಕೂ ಸುವಾರ್ತೆ ಪಕ್ಕಪಕ್ಕ ಇಟ್ಟು ಓದಿದೆ. ಸಮಾಧಿಯಲ್ಲಿ ಕಂಡದ್ದು ಮಾರ್ಕನ ಪ್ರಕಾರ ಒಬ್ಬ ಯೌವನಸ್ಥ, ಲೂಕನ ಪ್ರಕಾರ ಇಬ್ಬರು. ಮಾರ್ಕನ ಅತಿ ಹಳೆಯ ಪೂರ್ಣ ಹಸ್ತಪ್ರತಿಗಳು 16:8ಕ್ಕೇ ನಿಲ್ಲುತ್ತವೆ: ಸಮಾಧಿಗೆ ಬಂದ ಹೆಂಗಸರು ಹೆದರಿ ಓಡಿದರು, ಯಾರಿಗೂ ಏನೂ ಹೇಳಲಿಲ್ಲ. ಅಷ್ಟೇ! ವಿಚಿತ್ರ ಅಂದರೆ ಅದೇ ನನಗೆ ನಿಜ ಅನ್ನಿಸಿತು. ಲೂಕನಲ್ಲಿ ಯೇಸುವಿನ ಆಪ್ತ ಶಿಷ್ಯರಾದ ಅಪೊಸ್ತಲರೇ ಆ ಹೆಂಗಸರ ಮಾತನ್ನು ಹರಟೆ ಅಂದುಕೊಂಡರು. ಮತ್ತಾಯನ ಕೊನೆಯಲ್ಲಿ, ಯೇಸು ಎದುರಿಗೇ ಇದ್ದರೂ ಕೆಲವರಿಗೆ ಸಂದೇಹ. ಆದರೆ ಅಪೊಸ್ತಲ ಪೌಲ ಕೊರಿಂಥದವರಿಗೆ ಮೊದಲನೇ ಪತ್ರದಲ್ಲಿ ಬರೆದದ್ದು (15:14) ಬಿಡೋದಿಲ್ಲ: ಕ್ರಿಸ್ತ ಎದ್ದಿಲ್ಲವಾದರೆ ನಂಬಿಕೆಯೇ ವ್ಯರ್ಥ.

ಸಭೆಯ ಪಾಸ್ಟರ್ ಅಯ್ಯನವರನ್ನು ಕೇಳಿದೆ. "ಪ್ರಾರ್ಥನೆ ಮಾಡಮ್ಮ" ಅಂದರು. ಮಾಡ್ತಿದ್ದೀನಿ. ಅಮ್ಮನಿಗೆ ಹೇಳೋ ಧೈರ್ಯ ಇಲ್ಲ.

ಇಂಥ ಸ್ಥಿತಿ ದಾಟಿದವರು, ಅಥವಾ ಅದರಲ್ಲೇ ಇದ್ದು ಸಭೆ ಬಿಡದವರು, ದಯವಿಟ್ಟು ಬರೆಯಿರಿ. ಎಂಟು-ಹತ್ತು ವರ್ಷದ ಮಕ್ಕಳ ಮುಂದೆ ಸುಳ್ಳಾಡದೆ ಏನು ಹೇಳಬಹುದು? ಈ ಸ್ಥಿತಿಯಲ್ಲಿ ಪ್ರಭುಭೋಜನ (ಸಭೆಯಲ್ಲಿ ಕೊಡೋ ರೊಟ್ಟಿ, ದ್ರಾಕ್ಷಾರಸ) ತಗೊಳ್ಳಬಹುದಾ? ವಾದದ ವಿಡಿಯೋ ಲಿಂಕ್ ಬೇಡ, ಸಾಕಷ್ಟು ನೋಡಿದ್ದೀನಿ. ಪಾಠಕ್ಕೆ ಇನ್ನು ಒಂಬತ್ತು ದಿನ ಇದೆ.