ಎದೆಹಾಲು ಕುಡಿಯುವ ಮಗುವಿನ ತೂಕ ಸಾಲದೇ? ಮಕ್ಕಳ ವೈದ್ಯೆಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ನಿಟ್ಟುವಳ್ಳಿಯ ತಾಯಿ, ದಾವಣಗೆರೆ):

ಮೇಡಂ, ನಮಸ್ಕಾರ. ನನ್ನ ಮಗಳಿಗೆ ಹದಿನಾಲ್ಕು ವಾರ ತುಂಬಿದೆ. ಹುಟ್ಟಿದಾಗ 2.9 ಕೆ.ಜಿ. ಇದ್ದಳು. ಆಸ್ಪತ್ರೆಯಿಂದ ಮನೆಗೆ ಕರೆತರುವಾಗ 2.7 ಆಗಿತ್ತು. ಆರನೇ ವಾರದ ಲಸಿಕೆಯ ದಿನ ಜಗಳೂರಿನಲ್ಲಿ 4.1, ಹತ್ತನೇ ವಾರದಲ್ಲಿ ಇಲ್ಲಿಯ ಖಾಸಗಿ ಕ್ಲಿನಿಕ್ಕಿನಲ್ಲಿ 4.8, ಮೊನ್ನೆ ಆರೋಗ್ಯ ಕೇಂದ್ರದಲ್ಲಿ 5.1. ನಾಲ್ಕು ವಾರಕ್ಕೆ ಬರೀ 300 ಗ್ರಾಂ ಹೆಚ್ಚಿದ್ದಾಳೆ. ಪಕ್ಕದ ಮನೆಯ ಗಂಡು ಮಗು ಇದೇ ವಯಸ್ಸಿಗೆ ಏಳು ಕೆ.ಜಿ. ಇದೆ. ಬಾಣಂತನ ಜಗಳೂರಿನ ತವರಿನಲ್ಲಿ ಆಯಿತು, ಈಗ ಗಂಡನ ಮನೆಗೆ ಬಂದಿದ್ದೇನೆ. ಮಗುವನ್ನು ನೋಡಲು ಬಂದವರೆಲ್ಲ "ಸಣಕಲಾಗಿದೆ, ನಿನ್ನ ಹಾಲು ನೀರಾಗಿದೆ" ಎನ್ನುತ್ತಾರೆ. ಅತ್ತೆಯವರು ಡಬ್ಬಿ ಹಾಲು ತರಿಸಿಟ್ಟಿದ್ದಾರೆ. ನಾನಿನ್ನೂ ತೆರೆದಿಲ್ಲ. ತೆರೆಯಲೇ?

ಉತ್ತರ (ಮಕ್ಕಳ ವೈದ್ಯೆ, ದಾವಣಗೆರೆ):

ಈಗಲೇ ತೆರೆಯಬೇಡಿ ತಾಯಿ. ಮೊದಲು ನೀವು ಕೊಟ್ಟ ಅಂಕಿಗಳನ್ನೇ ನೋಡೋಣ.

ಹುಟ್ಟಿದ ಮೊದಲ ದಿನಗಳಲ್ಲಿ ಮಗು ಹತ್ತನೇ ಒಂದು ಭಾಗದವರೆಗೂ ತೂಕ ಕಳೆದುಕೊಳ್ಳಬಹುದು. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು. ನಿಮ್ಮ ಮಗಳು 2.7ರಿಂದ ಆರು ವಾರದೊಳಗೆ 4.1ಕ್ಕೆ ಬಂದಿದ್ದಾಳೆ, ಅಂದರೆ ದಿನಕ್ಕೆ 33 ಗ್ರಾಂಗಿಂತ ಹೆಚ್ಚು. ಮೊದಲ ಮೂರು ತಿಂಗಳಲ್ಲಿ ನಾವು ನಿರೀಕ್ಷಿಸುವುದು ದಿನಕ್ಕೆ 25ರಿಂದ 30 ಗ್ರಾಂ. ಅಷ್ಟು ಬೆಳೆದದ್ದು ನಿಮ್ಮ ಹಾಲಿನಿಂದಲೇ. ಹಾಲು ನೀರಾಗಿದೆ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಹತ್ತನೇ ವಾರದ 4.8 ಮಾತ್ರ ನನಗೆ ಅನುಮಾನ ತರುತ್ತಿದೆ. ಮೂರು ತೂಕ, ಮೂರು ಬೇರೆ ಯಂತ್ರ. ಆ ದಿನ ಮಗು ಸ್ವೆಟರ್, ಕುಲಾವಿ, ದಪ್ಪ ಲಂಗೋಟಿಯಲ್ಲಿ ಇತ್ತೇ? ಅದನ್ನು ಬದಿಗಿಟ್ಟು ಆರನೇ ವಾರದಿಂದ ಹದಿನಾಲ್ಕನೇ ವಾರದವರೆಗೆ ಒಟ್ಟಾಗಿ ನೋಡಿದರೆ 56 ದಿನಕ್ಕೆ ಒಂದು ಕೆ.ಜಿ., ದಿನಕ್ಕೆ ಸುಮಾರು 18 ಗ್ರಾಂ. ಸ್ವಲ್ಪ ಕಡಿಮೆಯೇ. ಗಾಬರಿಪಡುವಷ್ಟಲ್ಲ, ಆದರೆ ಕಾರಣ ಹುಡುಕದೆ ಬಿಡುವಂಥದ್ದೂ ಅಲ್ಲ.

ಆರೋಗ್ಯ ಕೇಂದ್ರದಲ್ಲಿ ಕೊಟ್ಟ ನಿಮ್ಮ ತಾಯಿ ಕಾರ್ಡ್ ತೆರೆಯಿರಿ. ಹೆಣ್ಣು ಮಕ್ಕಳಿಗೆ ಗುಲಾಬಿ, ಗಂಡು ಮಕ್ಕಳಿಗೆ ನೀಲಿ ಪುಟದಲ್ಲಿ ಬೆಳವಣಿಗೆಯ ಗೆರೆಗಳಿರುತ್ತವೆ. ಹೆಣ್ಣು ಮಗುವಿಗೆ ಮೂರು ತಿಂಗಳು ತುಂಬಿದಾಗ ನಡುವಿನ ಗೆರೆ 5.8 ಕೆ.ಜಿ., ಕಡಿಮೆ ತೂಕ ಎನ್ನುವ ಗೆರೆ 4.5. ನಾಲ್ಕು ತಿಂಗಳಿಗೆ ಅವು 6.4 ಮತ್ತು 5.0. ನಿಮ್ಮ ಮಗಳು ಎರಡರ ನಡುವೆ ಇದ್ದಾಳೆ. ಹುಟ್ಟುವಾಗಲೂ ನಡುವಿನ ಗೆರೆಗಿಂತ ಕೆಳಗೇ ಇದ್ದವಳು. ಗಂಡು ಮಕ್ಕಳ ಗೆರೆಯೇ ಬೇರೆ, ಮೂರು ತಿಂಗಳಿಗೆ ನಡುವಿನದು 6.4. ಪಕ್ಕದ ಮನೆಯ ಮಗು ಚೆನ್ನಾಗಿರಲಿ, ಆದರೆ ಅವನ ತೂಕದಿಂದ ನಿಮ್ಮ ಮಗಳ ಬಗ್ಗೆ ಏನೂ ತಿಳಿಯುವುದಿಲ್ಲ.

ಈ ಗೆರೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿತು. ಆರು ದೇಶಗಳಲ್ಲಿ ಎದೆಹಾಲು ಕುಡಿದು ಬೆಳೆದ ಮಕ್ಕಳನ್ನು ಅಳೆದು ಮಾಡಿದ್ದು, ದೆಹಲಿಯ ಮಕ್ಕಳೂ ಅದರಲ್ಲಿದ್ದರು. ಹಿಂದಿನ ಪಟ್ಟಿಗಳಲ್ಲಿ ಬಹುಪಾಲು ಡಬ್ಬಿ ಹಾಲು ಕುಡಿದ ಅಮೆರಿಕದ ಮಕ್ಕಳ ತೂಕವಿತ್ತು. ಎದೆಹಾಲಿನ ಮಗು ಮೊದಲ ತಿಂಗಳುಗಳಲ್ಲಿ ಬೇಗ ಬೆಳೆದು ಆಮೇಲೆ ನಿಧಾನಿಸುತ್ತದೆ. ಹಳೆಯ ಪಟ್ಟಿಯಲ್ಲಿ ಅದೇ ಕೊರತೆಯಾಗಿ ಕಾಣುತ್ತಿತ್ತು.

ಈಗ ನೀವು ನನಗೆ ಹೇಳಬೇಕಾದ್ದು: ದಿನಕ್ಕೆ ಎಷ್ಟು ಸಲ ಮೂತ್ರ ಮಾಡುತ್ತಾಳೆ? ರಾತ್ರಿ ಎಷ್ಟು ಸಲ ಹಾಲು ಕುಡಿಯುತ್ತಾಳೆ? ಎದೆಹಾಲು ಬಿಟ್ಟು ಬಾಯಿಗೆ ಬೇರೇನು ಹೋಗುತ್ತಿದೆ? ಪ್ರತಿ ಸಲ ಹೇಗೆ ಕುಡಿಸುತ್ತೀರಿ?

ನಿಟ್ಟುವಳ್ಳಿಯ ತಾಯಿ:

ಹೌದು ಮೇಡಂ, ಕ್ಲಿನಿಕ್ಕಿನಲ್ಲಿ ಸ್ವೆಟರ್ ತೆಗೆದಿರಲಿಲ್ಲ. ಮೊನ್ನೆ ಬರೀ ಮೈಯಲ್ಲಿ ತೂಗಿದರು. ಮೂತ್ರ ಆರೇಳು ಸಲ ಆಗುತ್ತದೆ, ನೀರಿನಂತೆ ತಿಳಿಯಾಗಿರುತ್ತದೆ. ನಗುತ್ತಾಳೆ, ಕೈಕಾಲು ಬಡಿಯುತ್ತಾಳೆ, ಕತ್ತು ನಿಲ್ಲುತ್ತಿದೆ. ತವರಿನಲ್ಲಿ ರಾತ್ರಿ ಎರಡು ಮೂರು ಸಲ ಏಳುತ್ತಿದ್ದಳು. ಇಲ್ಲಿಗೆ ಬಂದ ಮೇಲೆ ಅತ್ತೆಯವರ ಕೋಣೆಯ ತೊಟ್ಟಿಲಲ್ಲಿ ಮಲಗಿಸುತ್ತಾರೆ, ಹತ್ತಕ್ಕೆ ಮಲಗಿದರೆ ಬೆಳಿಗ್ಗೆ ಆರರವರೆಗೆ ಎದ್ದರೂ ತೂಗಿ ಮಲಗಿಸುತ್ತಾರೆ. ನನಗೆ ನಿದ್ದೆ ಸಿಗಲಿ ಎಂದೇ ಹಾಗೆ ಮಾಡುತ್ತಾರೆ. ಸೆಕೆಗೆ ಬಾಯಾರುತ್ತದೆ ಎಂದು ಸಕ್ಕರೆ ನೀರು, ಸಂಜೆ ಗ್ರೈಪ್ ವಾಟರ್ ಕೊಡುತ್ತಾರೆ. ಎರಡೂ ಎದೆ ಕುಡಿಸಬೇಕು ಎಂದು ಕೇಳಿದ್ದೆ, ಅದಕ್ಕೆ ಗಡಿಯಾರ ನೋಡಿ ಐದೈದು ನಿಮಿಷಕ್ಕೆ ಬದಲಿಸುತ್ತೇನೆ.

ಉತ್ತರ:

ಕಾರಣ ಇಲ್ಲೇ ಇದೆ. ಆರೇಳು ಸಲ ತಿಳಿ ಮೂತ್ರ, ನಗು, ಚಟುವಟಿಕೆ ಎಲ್ಲವೂ ಒಳ್ಳೆಯ ಲಕ್ಷಣಗಳು. ಕಡಿಮೆಯಾದದ್ದು ಮಗುವಿಗೆ ಎದೆಯ ಬಳಿ ಸಿಗುವ ಸಮಯ.

ರಾತ್ರಿಯ ಹಾಲನ್ನು ಮೊದಲು ವಾಪಸ್ ತನ್ನಿ. ಹಾಲು ಉತ್ಪಾದಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿಯ ಹೊತ್ತು ಹೆಚ್ಚು ಬರುತ್ತದೆ. ಎಂಟು ಗಂಟೆ ಎದೆ ಬರಿದಾಗದಿದ್ದರೆ ಇಷ್ಟು ಹಾಲು ಬೇಡ ಎಂದು ದೇಹ ತಿಳಿಯುತ್ತದೆ, ಕೆಲವೇ ದಿನಗಳಲ್ಲಿ ಹಾಲೂ ತಗ್ಗುತ್ತದೆ. ತೊಟ್ಟಿಲನ್ನು ನಿಮ್ಮ ಮಂಚದ ಪಕ್ಕಕ್ಕೆ ತರಿಸಿಕೊಳ್ಳಿ. ಮಗು ಕೈ ಬಾಯಿಗಿಟ್ಟು ಹೊರಳಿದ ಕೂಡಲೇ ಎತ್ತಿಕೊಳ್ಳಿ, ಅಳುವವರೆಗೂ ಕಾಯಬೇಡಿ. ಅಳು ಹಸಿವಿನ ಕೊನೆಯ ಸೂಚನೆ.

ಸಕ್ಕರೆ ನೀರು, ಗ್ರೈಪ್ ವಾಟರ್ ಇವತ್ತೇ ನಿಲ್ಲಲಿ. ಆ ಪುಟ್ಟ ಹೊಟ್ಟೆಯಲ್ಲಿ ಅವು ಹಾಲಿನ ಜಾಗ ಹಿಡಿಯುತ್ತವೆ, ಜೊತೆಗೆ ಭೇದಿಯ ಅಪಾಯ. ಎದೆಹಾಲಿನಲ್ಲಿ ಶೇ 88ರಷ್ಟು ನೀರೇ ಇದೆ. ದಾವಣಗೆರೆಯ ಏಪ್ರಿಲ್ ಬಿಸಿಲಿಗೂ ಆರು ತಿಂಗಳವರೆಗೆ ಮಗುವಿಗೆ ಬೇರೆ ನೀರು ಬೇಕಿಲ್ಲ. ಬಾಯಾರಿದೆ ಅನ್ನಿಸಿದರೆ ಇನ್ನೊಂದು ಸಲ ಎದೆಗೆ ಹಾಕಿಕೊಳ್ಳಿ.

ಗಡಿಯಾರ ನೋಡುವುದನ್ನೂ ಬಿಡಿ. ಕುಡಿಯಲು ಶುರುವಾದಾಗ ಬರುವ ಹಾಲು ತೆಳು, ಎದೆ ಬರಿದಾಗುತ್ತ ಬಂದಂತೆ ಕೊಬ್ಬಿನಂಶ ಏರುತ್ತದೆ. ಐದು ನಿಮಿಷಕ್ಕೆ ಬಿಡಿಸಿದರೆ ಆ ಕೊಬ್ಬಿನ ಹಾಲು ಸಿಗುವ ಮೊದಲೇ ಬಿಡಿಸಿದಂತಾಗುತ್ತದೆ. ಒಂದು ಬದಿ ತಾನಾಗಿ ಬಿಡುವವರೆಗೆ ಕುಡಿಯಲಿ, ಆಮೇಲೆ ಇನ್ನೊಂದನ್ನು ಕೊಡಿ. ಬೇಡವೆಂದರೆ ಮುಂದಿನ ಸಲ ಆ ಬದಿಯಿಂದ ಶುರು ಮಾಡಿ.

ಎದೆ ಹಿಡಿಯುವ ರೀತಿಯನ್ನೂ ಒಮ್ಮೆ ಗಮನಿಸಿ. ಬಾಯಿ ಅಗಲವಾಗಿ ತೆರೆದಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು, ಗಲ್ಲ ಎದೆಗೆ ತಾಗಿರಬೇಕು. ಬರೀ ತೊಟ್ಟು ಬಾಯಲ್ಲಿದ್ದರೆ ಸಾಲದು, ಸುತ್ತಲಿನ ಕಪ್ಪು ಭಾಗವೂ ಹೋಗಬೇಕು. ನುಂಗುವ ಸದ್ದು ಕೇಳಬೇಕು. ನಿಮಗೆ ನೋವಾಗುತ್ತಿದ್ದರೆ ಹಿಡಿತ ಸರಿಯಿಲ್ಲ ಎಂದೇ ಅರ್ಥ. ಕಿರುಬೆರಳನ್ನು ಬಾಯಿಯ ಮೂಲೆಗೆ ಇಟ್ಟು ಬಿಡಿಸಿ, ಮತ್ತೆ ಹಿಡಿಸಿ.

ಎರಡು ವಾರ ಹೀಗೆ ಮಾಡಿ, ಅದೇ ಆರೋಗ್ಯ ಕೇಂದ್ರದ ಅದೇ ಯಂತ್ರದಲ್ಲಿ ತೂಗಿಸಿ. ತೂಕದ ಏರಿಕೆ 200 ಗ್ರಾಂಗಿಂತ ಕಡಿಮೆಯಾದರೆ ಮಗುವನ್ನು ಕರೆದುಕೊಂಡು ಬನ್ನಿ. ನಿಮ್ಮ ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆಯೂ ಆಗಬೇಕಾಗುತ್ತದೆ, ಅವೆರಡೂ ಹಾಲು ಕಡಿಮೆ ಮಾಡಬಲ್ಲವು. ಹೆರಿಗೆಯ ನಂತರ ಗರ್ಭನಿರೋಧಕ ಮಾತ್ರೆ ಶುರು ಮಾಡಿದ್ದರೆ ಅದನ್ನೂ ಹೇಳಿ. ಈಸ್ಟ್ರೋಜೆನ್ ಇರುವ ಮಾತ್ರೆ ಹಾಲನ್ನು ತಗ್ಗಿಸುತ್ತದೆ.

ಅತ್ತೆಯವರಿಗೆ ನನ್ನದೊಂದು ಮಾತು ತಲುಪಿಸಿ. ಅಮ್ಮಾ, ಸೊಸೆಗೆ ನಿದ್ದೆ ಸಿಗಲಿ ಎಂದು ನೀವು ಯೋಚಿಸಿದ್ದು ದೊಡ್ಡ ವಿಷಯ. ಆ ನಿದ್ದೆಯನ್ನು ಹಗಲಿನಲ್ಲಿ ಕೊಡಿ. ಮಗು ಹಾಲು ಕುಡಿದ ಮೇಲೆ ನೀವು ಎತ್ತಿಕೊಂಡು ತೇಗಿಸಿ ಆಡಿಸಿದರೆ ಅವಳು ಒಂದೆರಡು ಗಂಟೆ ಮಲಗಬಹುದು. ತಂದಿಟ್ಟ ಡಬ್ಬಿಯ ಮೇಲೆ ತಾಯಿಯ ಹಾಲೇ ಶ್ರೇಷ್ಠ ಎಂಬ ಸೂಚನೆ ಇರುತ್ತದೆ, ಕಾನೂನಿನಂತೆ ಹಾಗೆ ಮುದ್ರಿಸಲೇಬೇಕು. ದಯವಿಟ್ಟು ಒಮ್ಮೆ ಓದಿ.

ಪ್ರಶ್ನೆ (ಹೊಳಲ್ಕೆರೆಯ ಅಜ್ಜಿ):

ಡಾಕ್ಟರಮ್ಮ, ನನ್ನ ಮಗಳ ಬಾಣಂತನ ನಡೆಯುತ್ತಿದೆ. ನೀರು ಜಾಸ್ತಿ ಕೊಟ್ಟರೆ ಹೊಟ್ಟೆ ಬರುತ್ತದೆ, ತರಕಾರಿ ಕೊಟ್ಟರೆ ಮಗುವಿಗೆ ಶೀತ ಎಂದು ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ ಮಾತ್ರ ಕೊಡುತ್ತಿದ್ದೇವೆ. ಹಾಲು ಹೆಚ್ಚಲು ಇನ್ನೇನು ಕೊಡಬೇಕು?

ಉತ್ತರ:

ಬೆಳ್ಳುಳ್ಳಿ, ಮೆಣಸು, ಸಬ್ಬಸಿಗೆ ಸೊಪ್ಪು, ಅಂಟಿನುಂಡೆ ಎಲ್ಲ ಕೊಡಿ ಅಮ್ಮ, ತಪ್ಪಿಲ್ಲ. ಆದರೆ ಬಿಡಿಸಿದ್ದನ್ನೂ ತಟ್ಟೆಗೆ ಸೇರಿಸಿ. ಮುದ್ದೆ, ರೊಟ್ಟಿ, ಬೇಳೆ, ಸೊಪ್ಪು, ಹಣ್ಣು, ಹಾಲು, ತಿನ್ನುವ ಮನೆಯಾದರೆ ಮೊಟ್ಟೆ. ಬಾಯಾರಿದಾಗಲೆಲ್ಲ ನೀರು ಕುಡಿಯಲಿ, ನೀರಿನಿಂದ ಹೊಟ್ಟೆ ಬರುವುದಿಲ್ಲ. ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಹೆರಿಗೆಯ ನಂತರವೂ ಆರು ತಿಂಗಳು ಬೇಕು. ಬಹಳ ಮನೆಗಳಲ್ಲಿ ಅವು ಕಪಾಟಿನಲ್ಲೇ ಉಳಿದುಬಿಡುತ್ತವೆ.

ಪ್ರಶ್ನೆ (ಹಿರಿಯೂರಿನ ತಾಯಿ):

ನಿಟ್ಟುವಳ್ಳಿಯ ತಾಯಿಗೆ ಕೊಟ್ಟ ಉತ್ತರ ಓದಿ ಸ್ವಲ್ಪ ಸಮಾಧಾನವಾಯಿತು ಮೇಡಂ. ನನ್ನ ಮಗನಿಗೆ 20 ದಿನ. ಹುಟ್ಟಿದಾಗ 2.8, ಇವತ್ತು ಅಂಗನವಾಡಿಯಲ್ಲಿ ತೂಗಿಸಿದಾಗ 2.6. ತುಂಬಾ ಶಾಂತ ಮಗು, ಅಳುವುದೇ ಇಲ್ಲ. ಎರಡು ನಿಮಿಷ ಕುಡಿದು ಮಲಗುತ್ತಾನೆ. ಮೂತ್ರ ಮೂರು ನಾಲ್ಕು ಸಲ, ಲಂಗೋಟಿ ಹಳದಿಯಾಗುತ್ತದೆ. ನಾನೂ ಎರಡು ವಾರ ಕಾಯಲೇ?

ಉತ್ತರ:

ಬೇಡ. ಇವತ್ತೇ ಹೊರಡಿ. ಆ ಉತ್ತರ ನಿಮ್ಮ ಮಗುವಿಗೆ ಅನ್ವಯಿಸುವುದಿಲ್ಲ.

ಎರಡು ವಾರ ದಾಟಿದರೂ ಹುಟ್ಟಿದ ತೂಕ ಬಂದಿಲ್ಲ, ಮೂತ್ರ ಕಡಿಮೆ ಮತ್ತು ಗಾಢ, ಎರಡು ನಿಮಿಷ ಕುಡಿದು ಮಲಗಿಬಿಡುತ್ತಾನೆ. ಈ ಮೂರೂ ಸೇರಿದಾಗ ಮಗು ಶಾಂತವಾಗಿದೆ ಎಂದು ನಾನು ಒಪ್ಪುವುದಿಲ್ಲ, ಅದು ನಿತ್ರಾಣವಾಗಿದೆ. ಹಾಲು ಸಾಲದೆ ಹೀಗಾಗಿರಬಹುದು, ಸೋಂಕು, ಕಾಮಾಲೆ ಅಥವಾ ಹೃದಯದ ತೊಂದರೆಯೂ ಇರಬಹುದು. ಪರೀಕ್ಷಿಸದೆ ಹೇಳಲಾಗದು. ಹಿರಿಯೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅವರು ಹೇಳಿದರೆ ತಡಮಾಡದೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಹೋಗಿ. ಒಂದು ವರ್ಷದೊಳಗಿನ ಮಗುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ, ಹಣಕ್ಕಾಗಿ ನಾಳೆಗೆ ಮುಂದೂಡಬೇಡಿ. ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ಉಸಿರು ನಿಮಿಷಕ್ಕೆ 60 ದಾಟಿದರೆ, ಎದೆ ಹಿಡಿಯುವುದನ್ನೇ ಬಿಟ್ಟರೆ 108ಕ್ಕೆ ಕರೆ ಮಾಡಿ. ದಾರಿಯಲ್ಲಿ ಮಗುವನ್ನು ನಿಮ್ಮ ಎದೆಗೆ ಮೈ ತಾಗುವಂತೆ ಇಟ್ಟು ಹೊದಿಸಿಕೊಳ್ಳಿ. ಎಚ್ಚರವಾಗಿದ್ದು ನುಂಗುತ್ತಿದ್ದರೆ ಹಿಂಡಿದ ಹಾಲನ್ನು ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕೊಡಿ. ನಿದ್ದೆಗಣ್ಣಿನ ಮಗುವಿನ ಬಾಯಿಗೆ ಹಾಲು ಸುರಿಯಬೇಡಿ.

ಆಶಾ ಕಾರ್ಯಕರ್ತೆ (ಚನ್ನಗಿರಿ ತಾಲ್ಲೂಕು):

ಮೇಡಂ, ನನ್ನದೊಂದು ಸೇರಿಕೆ. ಹೆರಿಗೆಯಾದ ಮನೆಗೆ ನಾವು 3, 7, 14, 21, 28 ಮತ್ತು 42ನೇ ದಿನ ಹೋಗುತ್ತೇವೆ, ತೂಗುತ್ತೇವೆ. ಎಷ್ಟೋ ಮನೆಗಳಲ್ಲಿ ದೃಷ್ಟಿಯಾಗುತ್ತದೆ ಎಂದು ತೂಗಲು ಬಿಡುವುದಿಲ್ಲ. ತವರಿಗೆ ಹೋದವರ ವಿಷಯ ನಮಗೆ ತಿಳಿಯುವುದೂ ಇಲ್ಲ. ತವರಿನ ಊರಿನ ಆಶಾಗೆ ತಾಯಿ ಕಾರ್ಡ್ ತೋರಿಸಿದರೆ ಅವರೇ ಬಂದು ತೂಗುತ್ತಾರೆ.

ಉತ್ತರ:

ಬಹಳ ಉಪಯೋಗದ ಮಾತು. ದೃಷ್ಟಿಬೊಟ್ಟು ಇಟ್ಟೇ ತೂಗಿಸಲಿ, ಯಾರದೂ ಆಕ್ಷೇಪವಿಲ್ಲ. ಹಿರಿಯೂರಿನ ಮಗುವನ್ನು 14ನೇ ದಿನವೇ ತೂಗಿದ್ದರೆ ಒಂದು ವಾರ ಮೊದಲೇ ತಿಳಿಯುತ್ತಿತ್ತು. ಆದರೆ ಆರೋಗ್ಯವಾಗಿರುವ ಮಗುವನ್ನು ದಿನವೂ ತೂಗುವುದು ಬೇಡ. ಹಾಲು ಕುಡಿದ ಮೇಲೆ ಮತ್ತು ಮೂತ್ರ ಮಾಡಿದ ಮೇಲೆ ತೂಗಿದರೇ ನೂರು ಗ್ರಾಂ ಆಚೀಚೆ ಆಗುತ್ತದೆ, ತಾಯಿಯ ನಿದ್ದೆ ಕೆಡುತ್ತದೆ.

ಹಿರಿಯೂರಿನ ತಾಯಿ (ಕೆಲವು ದಿನಗಳ ನಂತರ):

ಮೇಡಂ, ಅವತ್ತೇ ದಾಖಲಿಸಿಕೊಂಡರು. ಮೂತ್ರದ ಸೋಂಕು ಎಂದರು, ಇಂಜೆಕ್ಷನ್ ಕೊಟ್ಟರು. ನನ್ನ ಹಾಲನ್ನು ಹಿಂಡಿ ಒಳಲೆಯಲ್ಲಿ ಕುಡಿಸುವುದನ್ನು ನರ್ಸಮ್ಮ ಹೇಳಿಕೊಟ್ಟರು. ಜೊತೆಗೆ ದಿನಕ್ಕೆ ಎರಡು ಸಲ ಪುಡಿ ಹಾಲು ಕೊಡಲು ಹೇಳಿದ್ದಾರೆ. ಈಗ 3.0 ಕೆ.ಜಿ., ತಾನೇ ಎದ್ದು ಅಳುತ್ತಾನೆ. ಎದೆಯಲ್ಲೂ ಚೆನ್ನಾಗಿ ಕುಡಿಯುತ್ತಿದ್ದಾನೆ. ಪುಡಿ ಹಾಲು ಇವತ್ತಿನಿಂದ ನಿಲ್ಲಿಸಬಹುದೇ?

ಉತ್ತರ:

ಅವನು ಅಳುತ್ತಿದ್ದಾನೆ ಎಂದು ಓದಿ ಸಂತೋಷವಾಯಿತು. ಪುಡಿ ಹಾಲನ್ನು ಒಮ್ಮೆಲೇ ನಿಲ್ಲಿಸಬೇಡಿ. ನಿಮ್ಮ ಮಗುವಿಗೆ ಅದನ್ನು ವೈದ್ಯರು ನೋಡಿಯೇ ಹೇಳಿದ್ದಾರೆ, ಅದರಲ್ಲಿ ನಿಮ್ಮ ಸೋಲೇನೂ ಇಲ್ಲ. ಅವರಿಗೆ ತಿಳಿಸಿ, ಮೊದಲ ವಾರ ಒಂದು ಸಲದ ಪುಡಿ ಹಾಲನ್ನು ಮಾತ್ರ ಬಿಡಿ. ಆ ಹೊತ್ತಿಗೆ ಎದೆ ಕುಡಿಸಿ, ಮೇಲೆ ಹಿಂಡಿದ ಹಾಲು ಕೊಡಿ. ವಾರದ ತೂಕ 150 ಗ್ರಾಂಗಿಂತ ಹೆಚ್ಚಿದ್ದರೆ ಮುಂದಿನ ವಾರ ಎರಡನೆಯದನ್ನೂ ಬಿಡಬಹುದು. ಅಷ್ಟು ಏರದಿದ್ದರೆ ಮೊದಲಿನಂತೆಯೇ ಮುಂದುವರಿಸಿ, ವೈದ್ಯರಿಗೆ ತೋರಿಸಿ.

ಕೊಡುವಷ್ಟು ದಿನ ಪುಡಿಯನ್ನು ಡಬ್ಬಿಯ ಚಮಚದಲ್ಲೇ, ಬರೆದಿರುವ ಅಳತೆಯಲ್ಲೇ, ಕುದಿಸಿದ ನೀರಿಗೆ ಹಾಕಿ. ಡಬ್ಬಿ ಹೆಚ್ಚು ದಿನ ಬರಲಿ ಎಂದು ನೀರು ಜಾಸ್ತಿ ಮಾಡಿದರೆ ಮಗುವಿನ ತೂಕ ಮತ್ತೆ ಇಳಿಯುತ್ತದೆ. ಮಿಕ್ಕಿದ್ದನ್ನು ಚೆಲ್ಲಿಬಿಡಿ. ಒಳಲೆಯನ್ನು ಪ್ರತಿ ಸಲ ಕುದಿಸಿ, ಮಗುವಿನ ತಲೆ ಎತ್ತರದಲ್ಲಿರಲಿ, ನುಂಗಿದ್ದನ್ನು ನೋಡಿಕೊಂಡು ಮುಂದಿನ ಗುಟುಕು ಕೊಡಿ.

ಇಷ್ಟು ಚಿಕ್ಕ ವಯಸ್ಸಿನಲ್ಲಿ ಮೂತ್ರದ ಸೋಂಕು ಆದರೆ ಮೂತ್ರಪಿಂಡದ ಸ್ಕ್ಯಾನಿಂಗ್ ಮಾಡಿಸಬೇಕು. ಬಿಡುಗಡೆಯ ಚೀಟಿಯಲ್ಲಿ ಅದನ್ನು ಬರೆದಿದ್ದಾರೆಯೇ ನೋಡಿ. ಬರೆದಿಲ್ಲದಿದ್ದರೆ ಮುಂದಿನ ಭೇಟಿಯಲ್ಲಿ ನೀವೇ ಕೇಳಿ.