‘ಔಸ್‌ವೈಸ್’ಗೆ ‘ರಹದಾರಿ’ ಒಗ್ಗೀತೇ?

ಜರ್ಮನ್ ಸೇನೆಯ ವಶದಲ್ಲಿದ್ದ ಫ್ರಾನ್ಸಿನ ನೆನಪುಗಳ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ತೊಡಕಾಗಿರುವುದು ಯುದ್ಧದ ಭಾಗವಲ್ಲ, ಜನರ ಜೇಬಿನಲ್ಲಿದ್ದ ಕಾಗದಗಳು. ಒಂದೊಂದಕ್ಕೂ ಬೇರೆ ಹೆಸರು, ಬೇರೆ ಬಳಕೆ. ನಿಘಂಟುಗಳು ಮಾತ್ರ ‘ಗುರುತಿನ ಚೀಟಿ’, ‘ಪರವಾನಗಿ’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುತ್ತವೆ.

ಮೊದಲು ಔಸ್‌ವೈಸ್. ಜರ್ಮನ್ನಿನಲ್ಲಿ ಇದು ಯಾವುದೇ ಗುರುತುಪತ್ರಕ್ಕೆ ಸಲ್ಲುವ ಪದ. ಫ್ರೆಂಚರ ಬಾಯಲ್ಲಿ ಅದರ ಅರ್ಥ ಕಿರಿದಾಯಿತು. 1940ರ ಜೂನ್ 22ರ ಕದನವಿರಾಮದ ಬಳಿಕ ಸುಮಾರು 1,200 ಕಿಲೋಮೀಟರ್ ಉದ್ದದ ರೇಖೆಯೊಂದು ದೇಶವನ್ನು ಆಕ್ರಮಿತ ವಲಯ, ಮುಕ್ತ ವಲಯ ಎಂದು ಸೀಳಿತು. ಅದನ್ನು ದಾಟಲು ಜರ್ಮನ್ ಸೇನಾ ಕಚೇರಿ ಕೊಡುತ್ತಿದ್ದ ಅಪ್ಪಣೆಯನ್ನೇ ಜನ ಔಸ್‌ವೈಸ್ ಎಂದರು. ಜರ್ಮನ್ನರು ಅದಕ್ಕೆ ಬಳಸಿದ ಹೆಸರು ಪಸೀರ್‌ಶೈನ್, ಫ್ರೆಂಚಿನಲ್ಲಿ ಲೆಸೆ-ಪಾಸೆ. ನೆದರ್‌ಲೆಂಡ್ಸ್‌ಗೆ ಹೋದರೆ ಅದೇ ಔಸ್‌ವೈಸ್ ಕಡ್ಡಾಯ ದುಡಿಮೆಯಿಂದ ವಿನಾಯಿತಿ ಕೊಡುವ ಚೀಟಿಯೂ ಆಗುತ್ತದೆ. ಗುರುತು ತೋರಿಸಬಲ್ಲವನಿಗೂ ದಾಟುವ ಅಪ್ಪಣೆ ಸಿಗದಿದ್ದ ಕಾಲವದು. ಅಲ್ಲಿ ‘ಗುರುತಿನ ಚೀಟಿ’ ಎಂದು ಬರೆದರೆ ಕಥೆಯೇ ಅಡಿಮೇಲಾಗುತ್ತದೆ.

ನನ್ನ ಒಲವು ‘ರಹದಾರಿ’ಯತ್ತ. (ಕೊನೆಯಲ್ಲಿ ಕೇಳುವ ‘ದಾರಿ’ ನಮ್ಮ ದಾರಿಯಲ್ಲ, ಪಾರಸಿಯದು, ಅದರಲ್ಲಿ ನಿಜವಾದ ದಾರಿ ಇರುವುದು ಮುಂದಿನ ‘ರಹ’ದಲ್ಲಿ.) ಆದರೆ ಇಂದಿನ ಓದುಗರಿಗೆ ಇದು ಖಾಸಗಿ ಬಸ್ಸಿನ ಪರ್ಮಿಟ್ಟು, ಇಲ್ಲವೇ ಕ್ರೀಡಾಪುಟದ ‘ಫೈನಲ್‌ಗೆ ರಹದಾರಿ’. ಪದಕ್ಕೆ ದೂರಪ್ರಯಾಣದ ಗತ್ತೂ ಇದೆ. ಮನೆ ಈ ಕಡೆ, ಹೊಲ ಆ ಕಡೆ ಇದ್ದ ರೈತನಿಗೆ ಸಿಗುತ್ತಿದ್ದುದು ರೇಖೆಯ ಅಕ್ಕಪಕ್ಕದ ಕೆಲವೇ ಕಿಲೋಮೀಟರ್‌ಗಳಿಗೆ ಸಲ್ಲುವ ಪಾಸು. ಕೆಲವೆಡೆ ಶೆರ್ ನದಿಯೇ ಗಡಿಯಾಗಿತ್ತು; ಅದರ ಮೇಲೆ ಚಾಚಿಕೊಂಡಿರುವ ಶೆನೊನ್ಸೊ ಅರಮನೆಯ ಮುಂಬಾಗಿಲು ಆಕ್ರಮಿತ ವಲಯದಲ್ಲಿ, ದಕ್ಷಿಣದ ಬಾಗಿಲು ಮುಕ್ತ ವಲಯದಲ್ಲಿ! ರೈತನ ಪಾಸಿಗೆ ‘ಅಪ್ಪಣೆ ಚೀಟಿ’ ಎಂದರೆ ಸಾಕೆನಿಸುತ್ತದೆ. ಹಾಗೆ ಮಾಡಿದರೆ ಮೂಲದ ಒಂದು ಪದಕ್ಕೆ ಕನ್ನಡದಲ್ಲಿ ಎರಡಾಗುತ್ತವೆ. ನನಗೆ ಅಡ್ಡಿಯಿಲ್ಲ, ನಿಮಗೆ?

ಗುರುತಿನ ಚೀಟಿಗೆ ಬೇರೆ ಪದ ಹುಡುಕಬೇಕಿಲ್ಲ. 1940ರ ಅಕ್ಟೋಬರ್ 27ರ ಕಾನೂನು ಹದಿನಾರು ದಾಟಿದ ಫ್ರೆಂಚರಿಗೆಲ್ಲ ಅದನ್ನು ಕಡ್ಡಾಯ ಮಾಡಿತು. ಕಷ್ಟ ಅದರ ಮೇಲೆ ಒತ್ತಿದ ‘ಯಹೂದಿ’ ಎಂಬ ಗುರುತಿನದು. ದಕ್ಷಿಣದಲ್ಲಿ 1942ರ ಡಿಸೆಂಬರ್ 11ರ ಕಾನೂನಿನಂತೆ ಪಡಿತರ ಚೀಟಿಯ ಮೇಲೂ ಅದು ಬಿತ್ತು. ‘ಮೊಹರು’ ಎಂದರೆ ಕಾಗದಕ್ಕೆ ಅಧಿಕಾರ ಕೊಡುವಂಥದ್ದು. ‘ಮುದ್ರೆ’ ಎಂದೊಡನೆ ನಮ್ಮಲ್ಲಿ ಕೆಲವರಿಗೆ ಮುದ್ರಾಧಾರಣೆ ನೆನಪಾದೀತು, ಇಲ್ಲಿ ಅದು ತೀರಾ ಅಪಚಾರ. ‘ಠಸ್ಸೆ’ಯನ್ನೇ ಉಳಿಸಿಕೊಂಡಿದ್ದೇನೆ, ಅದರ ಒರಟುತನ ಈ ಜಾಗಕ್ಕೆ ತಕ್ಕುದು.

ನಿಜವಾಗಿ ನಿಂತುಬಿಟ್ಟಿರುವುದು ಸುಳ್ಳು ಕಾಗದಗಳ ಹತ್ತಿರ. ಪ್ಯಾರಿಸಿನ ಅಡಾಲ್ಫೊ ಕಮಿನ್‌ಸ್ಕಿ ಬಟ್ಟೆಗೆ ಬಣ್ಣ ಹಾಕುವ ಅಂಗಡಿಯಲ್ಲಿ ಕಲಿತ ರಸಾಯನ ವಿದ್ಯೆಯಿಂದ, ಅಳಿಸಲಾಗದು ಎನ್ನುತ್ತಿದ್ದ ನೀಲಿ ಶಾಯಿಯನ್ನು ಲ್ಯಾಕ್ಟಿಕ್ ಆಮ್ಲದಲ್ಲಿ ಕರಗಿಸಿ ಚೀಟಿಗಳನ್ನು ತಿದ್ದಿದವರು. ಅವರು ಹೊಸದಾಗಿ ತಯಾರಿಸಿದ ಕಾಗದಗಳಿಗೆ ‘ಖೋಟಾ’ ಎನ್ನಬಹುದು, ಖೋಟಾ ನೋಟಿನ ಹಾಗೆ. ‘ನಕಲಿ’ ನನಗೆ ಹಿಡಿಸದು. ಕಚೇರಿಯವರು ಕೊಡುವ ‘ನಕಲು ಪ್ರತಿ’ ತೀರಾ ಹತ್ತಿರದಲ್ಲಿದೆ. ಆದರೆ ಫ್ರೆಂಚರು ‘ನಿಜವಾದ ಸುಳ್ಳು ಕಾಗದ’ ಎನ್ನುವುದೊಂದಿದೆ. ಪುರಸಭೆಯ ಗುಮಾಸ್ತನೇ ಅಸಲಿ ನಮೂನೆಯ ಮೇಲೆ ಅಸಲಿ ಮೊಹರು ಒತ್ತಿ, ಹೆಸರನ್ನು ಮಾತ್ರ ಕಟ್ಟಿ ಬರೆದುಕೊಡುತ್ತಿದ್ದ. ಹುಟ್ಟೂರಿನ ಜಾಗದಲ್ಲಿ, ಬಾಂಬಿಗೆ ಸಿಕ್ಕಿ ಜನನ ದಾಖಲೆಗಳು ಸುಟ್ಟುಹೋದ ಊರನ್ನು ತುಂಬಿಸುವ ಜಾಣತನವೂ ಇತ್ತು. ತಾಳೆ ನೋಡಲು ಪುಸ್ತಕವೇ ಇರುತ್ತಿರಲಿಲ್ಲ. ಇದು ಖೋಟಾ ಅಲ್ಲ, ನಕಲಿಯೂ ಅಲ್ಲ. ‘ಹುಸಿಹೆಸರಿನ ಅಸಲಿ ಚೀಟಿ’ ಎಂದು ಬರೆದಿದ್ದೇನೆ. ಅರ್ಥ ನಿಂತಿತು, ಚುರುಕು ಹೋಯಿತು.

ಇನ್ನೊಂದು ಚಿಲ್ಲರೆ ತೊಂದರೆ: ಪಡಿತರದಲ್ಲಿ ಹದಿಹರೆಯದವರ ವರ್ಗಕ್ಕಿದ್ದ ‘ಜೆ-3’ (J3) ಎಂಬ ಗುರುತು ಆ ವಯಸ್ಸಿನವರ ಅಡ್ಡಹೆಸರೇ ಆಗಿಹೋಯಿತು. ಅದನ್ನು ಹಾಗೆಯೇ ಬಿಡುತ್ತೇನೆ.

ರಹದಾರಿಯ ಬಗ್ಗೆ ಒಂದು ಕೋರಿಕೆ. 1961ರವರೆಗೆ ಗೋವಾ ಪೋರ್ಚುಗೀಸರ ಕೈಯಲ್ಲಿತ್ತಲ್ಲ, ಕಾರವಾರದ ಕಡೆಯಿಂದ ಅಲ್ಲಿಗೆ ಹೋಗಿಬರುತ್ತಿದ್ದವರು ಗಡಿಯಲ್ಲಿ ತೋರಿಸುತ್ತಿದ್ದ ಕಾಗದವನ್ನು ಏನೆಂದು ಕರೆಯುತ್ತಿದ್ದರು? ಕಲ್ಯಾಣ ಕರ್ನಾಟಕದಲ್ಲಿ ನಿಜಾಮರ ಕಾಲದ ಬಳಕೆ ಏನಿತ್ತು? ಮನೆಯ ಹಿರಿಯರನ್ನು ಕೇಳಿ ತಿಳಿಸಿದರೆ ಉಪಕಾರವಾಗುತ್ತದೆ.